ಕೈ ಕಟ್ಟಿ ನಿಲ್ಲುವ ವಿದ್ಯೆ

ರೈಲಿನಲ್ಲಿ

ಜರ್ಮನಿಗೆ ಕಾಲಿಟ್ಟ ದಿನವೇ ನಾನು ಕಳ್ಳಿ ಎನಿಸಿಕೊಂಡೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ನನ್ನ ಜೊತೆಗೆ ಬಂದಿದ್ದ ವಸುಧಾ ಈಗಾಗಲೇ ಸಾಗರದ ತುಂಬ ಉಪ್ಪು ಖಾರ ಹಚ್ಚಿ ಹೇಳಿಕೊಂಡು ತಿರುಗಿದ್ದಾಳೆ.

ನಾವಿಬ್ಬರೂ ಸಾಗರದಲ್ಲಿ ನರ್ಸಿಂಗ್ ಓದುವವರು, ಕೊನೆಯ ವರ್ಷ. ಅವಳ ಮನೆ ವರದಮೂಲದ ಹತ್ತಿರ, ನನ್ನದು ತೀರ್ಥಹಳ್ಳಿ. ಮೂರು ತಿಂಗಳ ತರಬೇತಿಗೆಂದು ನಮ್ಮಿಬ್ಬರನ್ನು ಆರಿಸಿ ಜರ್ಮನಿಯ ಒಂದು ಊರಿನ ಆಸ್ಪತ್ರೆಗೆ ಕಳಿಸಿದ್ದರು. ಊರಿನ ಹೆಸರು ಬರೆಯುವುದಿಲ್ಲ, ಓದುವವರ ನಾಲಿಗೆ ಉಳುಕೀತು. ಜರ್ಮನ್ ಭಾಷೆಯನ್ನು ಒಂದು ವರ್ಷ ಕಲಿತು ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೇ ತೆಗೆದಿದ್ದೆ. ಹೀಗಾಗಿ ವಿಮಾನ ಇಳಿದು ರೈಲು ಹತ್ತುವಾಗ ನನ್ನ ಧೈರ್ಯಕ್ಕೇನೂ ಕಮ್ಮಿ ಇರಲಿಲ್ಲ.

ರೈಲಿನಲ್ಲಿ ಜನ ಬಹಳ. ನಮಗೆ ಸೀಟು ಸಿಕ್ಕಿತ್ತು. ಪಕ್ಕದಲ್ಲಿ ಒಬ್ಬ ಹಿರಿಯರು ನಿಂತಿದ್ದರು. ಎದ್ದು ಸೀಟು ಕೊಡಲು ಹೋದೆ, ಬೇಡವೆಂದರು. ಅವರ ಹೆಗಲ ಮೇಲಿದ್ದ ಚರ್ಮದ ಚೀಲ ಮಾತ್ರ ರೈಲು ಓಲಾಡಿದಾಗಲೆಲ್ಲ ಜಾರುತ್ತಿತ್ತು, ಅವರು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದರು. ಹೊಸನಗರದಿಂದ ಸಾಗರಕ್ಕೆ ಬರುವ ಬಸ್ಸಿನಲ್ಲಿ ನಿಂತವರ ಚೀಲಕ್ಕೆ ಕೂತವರ ತೊಡೆ ಎಂಬುದು ನಾನು ಹುಟ್ಟಿದಾಗಿನಿಂದ ಕಂಡ ಕಾನೂನು. ಯಾರೂ ಯಾರನ್ನೂ ಕೇಳುವುದಿಲ್ಲ. ಶಾಲೆ ಮಕ್ಕಳ ಬ್ಯಾಗು, ಸಂತೆಯ ಕೈಚೀಲ, ಒಮ್ಮೆ ಬುಟ್ಟಿಯೊಳಗಿನ ಜೀವಂತ ಕೋಳಿ, ಎಲ್ಲವನ್ನೂ ನಾನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೇನೆ. ಅದೇ ಕಾನೂನಿನಂತೆ ಕೈ ಚಾಚಿ ಆ ಹಿರಿಯರ ಹೆಗಲಿನಿಂದ ಚೀಲ ಬಿಡಿಸಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ಅವರು ಕೂಗಿದ ಕೂಗಿಗೆ, ಅಷ್ಟು ಹೊತ್ತೂ ಗ್ರಂಥಾಲಯದಂತಿದ್ದ ಬೋಗಿ ಪೂರ್ತಿ ನಮ್ಮತ್ತ ತಿರುಗಿತು. ಟಿಕೆಟ್ ನೋಡುವಾತ ಓಡಿ ಬಂದ. ಒಂದು ವರ್ಷ ಕಲಿತ ಜರ್ಮನ್ ಅಷ್ಟೂ ಆವಿಯಾಗಿ ಹೋಯಿತು. "ಭಾರ. ತೊಡೆ. ನಮ್ಮ ಊರು," ಎಂದಷ್ಟೇ ಬಾಯಿಗೆ ಬಂತು. ಹಿರಿಯರು ಚೀಲವನ್ನು ಎದೆಗೆ ಅವಚಿಕೊಂಡು ದೂರದ ಬಾಗಿಲಿನ ಬಳಿ ಹೋಗಿ ನಿಂತರು. ಟಿಕೆಟಿನವನು ನನ್ನ ಟಿಕೆಟನ್ನು ತಿರುಗಿಸಿ ಮುರುಗಿಸಿ ನೋಡಿ ಹೋದ. ವಸುಧಾ ನನ್ನ ಗುರುತೇ ಇಲ್ಲದವಳ ಹಾಗೆ ಕಿಟಕಿಯಾಚೆ ನೋಡುತ್ತಿದ್ದಳು.

"ನಿಂಗೆ ಎಂತಾ ಆಗಿತ್ತೇ ಮಾರಾಯ್ತಿ?" ಎಂದಳು ಆಮೇಲೆ, ಹಲ್ಲು ಕಚ್ಚಿಕೊಂಡು.

"ಪಾಪ, ಅವ್ರಿಗೆ ಹೆಗಲು ನೋಯ್ತಿತ್ತು ಕಣೆ."

"ನೋವಾದ್ರೆ ಅವ್ರೇ ಹೇಳ್ತ. ನಿಂಗೆಂತಕ್ಕೆ?"

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೈಕೆಯ ಮನೆ

ನಮಗೆ ಕೆಲಸ ಕಲಿಸುವ ಹಿರಿಯ ನರ್ಸಿನ ಹೆಸರು ಹೈಕೆ. ಬಾಗಿಲಿನ ಎತ್ತರ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಮಾತು ಕತ್ತರಿಸಿ ಇಟ್ಟಂತೆ. ಹೋದ ದಿನವೇ ಮನೆಗೆ ಕರೆದು ಕೇಕ್ ಕೊಟ್ಟರು. ಆಪಲ್ ಹಾಕಿದ ಕೇಕ್, ಬಿಸಿ ಬಿಸಿ. ವಿಮಾನದ ಊಟ ನನಗೆ ಸೇರಿರಲಿಲ್ಲ, ಹೊಟ್ಟೆ ತಾಳ ಹಾಕುತ್ತಿತ್ತು. ಒಂದು ತುಂಡು ಮುಗಿಯಿತು. "ಇನ್ನೊಂದು ತುಂಡು?" ಎಂದು ಕೇಳಿದರು.

"ಬೇಡ," ಎಂದೆ, ಎಷ್ಟು ಬೇಕೋ ಅಷ್ಟು ನಾಚಿಕೊಂಡು.

ನಮ್ಮಲ್ಲಿ ಮೊದಲನೆಯ ಬೇಡಕ್ಕೆ ಬೆಲೆಯಿಲ್ಲ. ಎರಡನೆಯದನ್ನು ಬಡಿಸುವವರು ಕೇಳಿಸಿಕೊಳ್ಳುವುದಿಲ್ಲ. ಎಲೆಗೆ ಅಡ್ಡ ಎರಡೂ ಕೈ ಹಿಡಿದು ಬಗ್ಗಿದರೆ ಆಗ ಸ್ವಲ್ಪ ಯೋಚನೆ ಮಾಡುತ್ತಾರೆ. ಹೈಕೆ "ಸರಿ" ಎಂದವರೇ ಎದ್ದು ಕೇಕನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿಬಿಟ್ಟರು. ಆ ಬಾಗಿಲು ಮುಚ್ಚಿಕೊಂಡ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಬೇಕು ಎಂದಿದ್ದ ವಸುಧಾ ಎರಡನೆಯ ತುಂಡನ್ನು ನನ್ನ ಎದುರಿಗೇ ನಿಧಾನವಾಗಿ ತಿಂದಳು.

ಮೂರನೇ ಮಹಡಿ

ಅದು ಲಕ್ವ ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು ಮತ್ತೆ ಓಡಾಡುವುದನ್ನು ಕಲಿಯುವ ಆಸ್ಪತ್ರೆ. ವಾರ್ಡಿನೊಳಗೆ ಹೋದ ಕೂಡಲೇ ನನ್ನನ್ನು ಕಾಡಿದ್ದು ಅಲ್ಲಿಯ ಖಾಲಿತನ. ಹೊಸನಗರದ ಆಸ್ಪತ್ರೆಯಲ್ಲಿ ನಾವು ಪ್ರಾಯೋಗಿಕ ತರಬೇತಿಗೆ ಇದ್ದಾಗ ಒಬ್ಬ ರೋಗಿ ಬಂದನೆಂದರೆ ಒಂದು ಮನೆಯೇ ಬಂತು ಎಂದು ಲೆಕ್ಕ. ಗಂಜಿ ಕುಡಿಸುವುದಕ್ಕೆ ಒಬ್ಬರು, ಗಾಳಿ ಹಾಕುವುದಕ್ಕೆ ಒಬ್ಬರು, ಔಷಧಿ ತರಲು ಓಡುವುದಕ್ಕೆ ಒಬ್ಬರು, ನೋಡಲು ಬಂದವರಿಗೆಲ್ಲ ಕಾಯಿಲೆಯ ಕಥೆಯನ್ನು ಮೊದಲಿನಿಂದ ಹೇಳುವುದಕ್ಕೆ ಒಬ್ಬರು. ಇಲ್ಲಿ ನೆಂಟರು ಹೂವು ಹಿಡಿದು ಬಂದು, ಕುರ್ಚಿಯ ತುದಿಯಲ್ಲಿ ಸ್ವಲ್ಪ ಹೊತ್ತು ಕೂತು, ಕೋಟು ಹಾಕಿಕೊಂಡು ಹೋಗುತ್ತಿದ್ದರು. ಅವರು ಹೋದ ಮೇಲೆ ರೋಗಿ ಮತ್ತು ಹೂವು ಇಬ್ಬರೇ ಉಳಿಯುತ್ತಿದ್ದರು.

ನನಗೆ ವಹಿಸಿದ್ದು ಫ್ರೌ ವೇಬರ್ ಅವರನ್ನು. ಫ್ರೌ ಎಂದರೆ ಅಲ್ಲಿ ಹೆಂಗಸರ ಹೆಸರಿನ ಮುಂದೆ ಹಚ್ಚುವ ಮರ್ಯಾದೆ. ಅದೇ ಊರಿನಲ್ಲಿ ಟ್ರಾಮ್ ಓಡಿಸಿ ನಿವೃತ್ತರಾದವರು. ಲಕ್ವದಿಂದ ಎಡಗೈ, ಎಡಗಾಲು ಸೋತಿದ್ದವು. ಬಾಯಿ ಮಾತ್ರ ಏನೂ ಸೋತಿರಲಿಲ್ಲ. ಮದುವೆಯಾಗಿರಲಿಲ್ಲ, ಊರಿನ ಅಂಚಿನ ಒಂದು ಕಟ್ಟಡದಲ್ಲಿ ಒಬ್ಬರೇ ಇದ್ದರು. ಆ ಮನೆಯ ಅಡಿಗೆಮನೆ ಕಿಟಕಿಯಿಂದ ಟ್ರಾಮ್ ತಿರುವಿಗೆ ಬಂದು ನಿಲ್ಲುವುದು ಕಾಣುತ್ತದಂತೆ. "ಯಾವ ಡ್ರೈವರ್ ತಿರುವಿನಲ್ಲಿ ಜೋರು ಮಾಡುತ್ತಾನೆ ಅಂತ ನನಗೆ ಅಲ್ಲಿಂದಲೇ ಗೊತ್ತಾಗುತ್ತೆ. ನಾನಿಲ್ಲದೆ ಈಗ ಅವರಿಗೆಲ್ಲ ಸಸಾರ ಆಗಿರುತ್ತೆ," ಎನ್ನುತ್ತಿದ್ದರು. ಅವರಿಗೆ ಆ ಕಿಟಕಿಗೆ ವಾಪಸ್ಸು ಹೋಗಬೇಕಿತ್ತು. ಅದೊಂದೇ ಆಸೆ.

ನಾನು ಮನಸ್ಸಿಟ್ಟು ಅವರ ಸೇವೆ ಮಾಡಿದೆ. ಬ್ರೆಡ್ಡು ಸಣ್ಣಗೆ ಕತ್ತರಿಸಿ ಬಾಯಿಗೆ ಇಟ್ಟೆ. ಅಂಗಿಯ ಗುಂಡಿ ಹಾಕಿದೆ, ತಲೆ ಬಾಚಿದೆ, ಕಾಲಿಗೆ ಸಾಕ್ಸ್ ತೊಡಿಸಿದೆ. ಅವರು ಲೋಟದ ಕಡೆ ಕಣ್ಣು ಹಾಯಿಸುವುದರೊಳಗೆ ಲೋಟ ಅವರ ತುಟಿಗೆ ಬಂದಿರುತ್ತಿತ್ತು. ಉಣ್ಣಿಸುತ್ತಾ ರೈಲಿನ ಚೀಲದ ಕಥೆ, ಫ್ರಿಜ್ಜಿಗೆ ಹೋದ ಕೇಕಿನ ಕಥೆ ಎರಡನ್ನೂ ಹೇಳಿದೆ. ಬೇಡ ಎಂದ ಮೇಲೆ ಇನ್ನೊಮ್ಮೆ ಕೇಳುವುದು ನಮ್ಮಲ್ಲಿ ಮರ್ಯಾದೆ ಎಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕಣ್ಣೀರನ್ನೂ ನಾನೇ ಒರೆಸಿದೆ. "ಈ ಆಸ್ಪತ್ರೆಯಲ್ಲಿ ಸಂಸ್ಕಾರ ಇರುವ ಮನುಷ್ಯಳು ಇವಳೊಬ್ಬಳೇ," ಎಂದು ಅವರು ಎಲ್ಲರೆದುರು ಹೇಳಿದಾಗ ನನ್ನ ತಲೆ ಸೂರಿಗೆ ತಾಗುವುದೊಂದು ಬಾಕಿ.

ವಾರ ಕಳೆದ ಮೇಲೆ ಹೈಕೆ ನನ್ನನ್ನು ಕಾರಿಡಾರಿಗೆ ಕರೆದರು.

"ನೀನು ಬರುವ ಮೊದಲು ಫ್ರೌ ವೇಬರ್ ಮೇಲಿನ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು. ಇವತ್ತು ಎಡಗೈ ಎತ್ತಲೇ ಇಲ್ಲ. ಆ ಕೈಯನ್ನು ನೀನು ರಜೆಯ ಮೇಲೆ ಕಳಿಸಿಬಿಟ್ಟಿದ್ದೀಯ."

ಎರಡು ವಾರದ ಮೇಲೆ ಅಡಿಗೆಮನೆ ಪರೀಕ್ಷೆ ಇದೆ ಎಂದೂ ಹೇಳಿದರು. ಆಸ್ಪತ್ರೆಯಲ್ಲೇ ಒಂದು ಸಣ್ಣ ಅಡಿಗೆಮನೆ ಇತ್ತು. ರೋಗಿ ಅಲ್ಲಿ ಯಾರ ಸಹಾಯವೂ ಇಲ್ಲದೆ ಕಾಫಿ ಮಾಡಿ ಮೇಜಿಗೆ ತಂದಿಡಬೇಕು, ಥೆರಪಿಸ್ಟ್ ನೋಡುತ್ತಾನೆ. ಮಾಡಲು ಆದರೆ ಮನೆಗೆ. ಆಗದಿದ್ದರೆ ವೃದ್ಧಾಶ್ರಮಕ್ಕೆ. ಆಗ ಮನೆ ಬಿಟ್ಟುಕೊಟ್ಟು ಬೀಗದ ಕೈ ಮಾಲೀಕರಿಗೆ ಒಪ್ಪಿಸಬೇಕು.

"ನಾಳೆಯಿಂದ ಅವರ ಕೋಣೆಯಲ್ಲಿ ನಿನ್ನ ಕೈ ಬೆನ್ನ ಹಿಂದೆ ಇರಬೇಕು," ಎಂದರು ಹೈಕೆ.

ನನಗೆ ಸಿಟ್ಟು ಬಂತು, ಬಂದದ್ದನ್ನು ಮುಚ್ಚಿಡಲೂ ಇಲ್ಲ. ನಮ್ಮ ಕಡೆ ಕಾಯಿಲೆಯವರು ಗುಂಡಿಗೆ ಒದ್ದಾಡುವಾಗ ನರ್ಸು ಕೈ ಕಟ್ಟಿ ನಿಂತರೆ ಅವಳಿಗೆ ಸೊಕ್ಕು ಎನ್ನುತ್ತಾರೆ ಎಂದೆ. "ಇಲ್ಲಿ ಅದನ್ನು ಕೆಲಸ ಎನ್ನುತ್ತಾರೆ," ಎಂದು ಹೈಕೆ ಬೀಗದ ಕೈ ಕುಣಿಸುತ್ತಾ ನಡೆದರು. ಉತ್ತರ ಕೊಡಲು ನನ್ನ ಜರ್ಮನ್ ಸಾಲಲಿಲ್ಲ. ನಿಜ ಹೇಳಬೇಕೆಂದರೆ ಕನ್ನಡವೂ ಸಾಲುತ್ತಿರಲಿಲ್ಲ, ಏಕೆಂದರೆ ಎಡಗೈ ಎತ್ತದ್ದನ್ನು ಬೆಳಿಗ್ಗೆ ನಾನೂ ನೋಡಿದ್ದೆ.

ಕಂಬದ ಹಾಗೆ ನಿಂತ ದಿನಗಳು

ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಲ್ಲುವುದು ಎಷ್ಟು ಕಷ್ಟ ಎಂದು ನಿಂತವರಿಗೇ ಗೊತ್ತು. ಫ್ರೌ ವೇಬರ್ ಗುಂಡಿಯೊಂದಿಗೆ ಗುದ್ದಾಡುವಾಗ ನನ್ನ ಬೆರಳುಗಳು ಬೆನ್ನ ಹಿಂದೆಯೇ ಆ ಗುಂಡಿ ಹಾಕುತ್ತಿದ್ದವು. ಅವರು ಮೊದಲ ದಿನ ನನ್ನನ್ನು ಅಚ್ಚರಿಯಿಂದ ನೋಡಿದರು. ಮರುದಿನದಿಂದ ನೋಡುವುದನ್ನೇ ಬಿಟ್ಟರು. ಸಂಸ್ಕಾರದ ಹುಡುಗಿ ಕಂಬವಾಗಿ ನಿಂತದ್ದು ಅವರಿಗೆ ಅವಮಾನವಾಗಿತ್ತು. ಅವರೂ ಮುಷ್ಕರ ಹೂಡಿದರು.

ಅಭ್ಯಾಸಕ್ಕೆಂದು ಅಡಿಗೆಮನೆಗೆ ಕರೆದೊಯ್ದರೆ ಸ್ಟೂಲಿನ ಮೇಲೆ ಕೂತು ಬಿಡುತ್ತಿದ್ದರು.

"ಕಾಫಿ ಮಾಡಿ ಫ್ರೌ ವೇಬರ್," ಎನ್ನುತ್ತಿದ್ದರು ಹೈಕೆ.

"ನನಗೆ ಕಾಫಿ ಬೇಡ."

"ಅಭ್ಯಾಸಕ್ಕೆ ಮಾಡಿ."

"ಜನ ತುಂಬಿದ ಟ್ರಾಮನ್ನು ಹಿಮದಲ್ಲಿ ಓಡಿಸಿದ್ದೇನೆ. ಬೇಡದ ಕಾಫಿ ಮಾಡಿ ತೋರಿಸಲು ನಾನೇನು ಸರ್ಕಸ್ಸಿನ ಕರಡಿಯೇ?"

ಹೀಗೆಯೇ ದಿನ ಹೋದವು. ಪರೀಕ್ಷೆ ಹತ್ತಿರ ಬಂತು. ಹೈಕೆಯ ಮುಖ ಬಿಗಿಯಿತು. ಇಷ್ಟು ಗಟ್ಟಿ ಹೆಂಗಸು ಒಂದು ಲೋಟ ಕಾಫಿಯ ಹಟಕ್ಕೆ ಆ ಕಿಟಕಿಯನ್ನು ಕಳೆದುಕೊಳ್ಳುತ್ತಾರಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಭಾನುವಾರ ನದಿ ದಂಡೆಯಲ್ಲಿ ಕೂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. ಅಮ್ಮ ತೀರ್ಥಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಾಳೆ. ಕೊರಳಲ್ಲಿ ಟೇಪು ಹಾಕಿಕೊಂಡೇ ಫೋನು ಎತ್ತಿ, ಹೈಕೆಯ ಅಪ್ಪಣೆಯ ಕಥೆ ಕೇಳಿದಳು.

"ಕೈ ಕಟ್ಕಂಡು ನಿಂತ್ಕಳಕ್ಕೆ ಅಲ್ಲೀತಂಕ ಹೋಗ್ಬೇಕಿತ್ತನೆ? ಅದನ್ನ ನೀನು ಮನೇಲೇ ಚೆನ್ನಾಗಿ ಮಾಡ್ತಿದ್ದೆ," ಎಂದಳು.

ವಸುಧಾ ಬಿದ್ದು ಬಿದ್ದು ನಕ್ಕಳು. ನಾನು ಫ್ರೌ ವೇಬರ್ ಕಾಫಿ ಮಾಡಲೊಲ್ಲದ್ದನ್ನು ಹೇಳಿದೆ.

"ಅವ್ರು ಹೇಳದ್ರಲ್ಲಿ ತಪ್ಪೆಂತ ಇದೆ? ತನಗೊಬ್ಳಿಗೇ ಅಂತ ಯಾರು ಒಲೆ ಹಚ್ತಾರೆ? ನಾನೂ ಒಬ್ಳೇ ಇದ್ರೆ ತಣ್ಣಗಾಗಿದ್ದೇ ಕುಡೀತೀನಪ್ಪ. ಯಾರಾದ್ರೂ ಮನೆಗೆ ಬಂದ್ರೆ ಮಾತ್ರ ಮಾಡ್ಬೋದು."

ಆ ಮಾತಿಗೆ ನನಗೆ ಹೊಸನಗರದ ಕಡೆಯ ಒಂದು ಮನೆ ನೆನಪಾಯಿತು. ಮನೆಮನೆಗೆ ಹೋಗಿ ಬಿಪಿ ನೋಡುವ ತರಬೇತಿಯಲ್ಲಿ ನಾವು ಹೋದಲ್ಲೆಲ್ಲ ಮೊದಲು ನೀರು ಬೆಲ್ಲ, ಆಮೇಲೆ ಕಾಫಿ, ಅದು ಮುಗಿದ ಮೇಲೆ ಬಿಪಿ. ಒಂದು ಮನೆಯ ಅಜ್ಜಿಯನ್ನು ಇಬ್ಬರು ಸೇರಿದರೂ ಏಳಿಸಲು ಆಗುವುದಿಲ್ಲ ಎಂದು ಸೊಸೆ ದೂರುತ್ತಿದ್ದಳು. ನಾವು ಅಂಗಳಕ್ಕೆ ಕಾಲಿಟ್ಟಾಗ ಸೊಸೆ ಹಿತ್ತಿಲಲ್ಲಿದ್ದಳು. ಅಜ್ಜಿ "ಬಂದ್ರಾ, ಕೂತ್ಕಳಿ" ಎಂದು ಗೋಡೆ ಹಿಡಿದು ಎದ್ದು ಹೋಗಿ ನೀರಿನ ಚೊಂಬು ತಂದೇಬಿಟ್ಟಿದ್ದರು.

"ಆ ಅಜ್ಜಿ ನೆನಪಿದ್ದನೇ?" ಎಂದು ವಸುಧಾಳನ್ನು ಅವಳ ಮನೆಮಾತಿನಲ್ಲೇ ಕೇಳಿ, ನನಗೆ ಹೊಳೆದದ್ದನ್ನು ಹೇಳಿದೆ.

"ಎಲ್ಲಾ ನೆನಪಿದ್ದು. ಆದ್ರೆ ಹೈಕೆ ಒಪ್ಪತ್ತಿಲ್ಲೆ ನೋಡು," ಎಂದಳು.

ಸೋಮವಾರ ಬೆಳಿಗ್ಗೆ ಹೈಕೆಯ ಬಾಗಿಲಲ್ಲಿ ನಿಂತೆ. ಪರೀಕ್ಷೆಯ ದಿನ ನಾನು ನರ್ಸಾಗಿ ಬರುವುದಿಲ್ಲ, ಫ್ರೌ ವೇಬರ್ ಅವರ ಅತಿಥಿಯಾಗಿ ಬರುತ್ತೇನೆ, ಒಪ್ಪಿಕೊಳ್ಳಿ ಎಂದೆ. ಸಹಾಯ ಮಾಡುವುದಿಲ್ಲವೇ ಎಂದು ಕೇಳಿದರು. ಅತಿಥಿ ಅಡಿಗೆಮನೆಯಲ್ಲಿ ಕೈ ಆಡಿಸಿದರೆ ಮನೆಯವರಿಗೆ ಅವಮಾನ, ಹೇಗೆ ಮಾಡುತ್ತೇನೆ ಎಂದೆ. ಹೈಕೆ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು, "ಕಾಫಿ ಯಾರು ಮಾಡಬೇಕು ಅಂತ ನಿಯಮ ಇದೆ. ಯಾರು ಕುಡಿಯಬೇಕು ಅಂತ ಇಲ್ಲ," ಎಂದರು. ಥೆರಪಿಸ್ಟನ್ನೂ ಅವರೇ ಒಪ್ಪಿಸಿದರು.

ಅಡಿಗೆಮನೆ

ಯೂನಿಫಾರ್ಮ್ ಬಿಟ್ಟು, ಹಬ್ಬಕ್ಕೆಂದು ಇಟ್ಟಿದ್ದ ಹಸಿರು ಚೂಡಿದಾರ್ ಹಾಕಿಕೊಂಡೆ. ಅವರ ಪದ್ಧತಿಯಂತೆ ಹೂವು ಕೊಂಡೆ. ಕಾಗದ ಬಿಚ್ಚಿಯೇ ಹೂವು ಕೊಡಬೇಕು ಎಂದು ಎಲ್ಲಿಯೋ ಕೇಳಿಕೊಂಡು ಬಂದಿದ್ದ ವಸುಧಾ ಬಾಗಿಲ ಬಳಿ ಅದನ್ನು ಬಿಚ್ಚಿಸಿ ಒಳಗೆ ಕಳಿಸಿದಳು.

ಫ್ರೌ ವೇಬರ್ ಸ್ಟೂಲಿನ ಮೇಲೆ ಗಡಿಯಾರ ನೋಡುತ್ತಾ ಕೂತಿದ್ದರು. ಹೈಕೆ ಮತ್ತು ಥೆರಪಿಸ್ಟ್ ಗೋಡೆಯ ಪಕ್ಕ ನಿಂತಿದ್ದರು. ನಾನು ಬಾಗಿಲು ತಟ್ಟಿ, "ಫ್ರೌ ವೇಬರ್, ಈ ಕಡೆ ಬಂದಿದ್ದೆ. ನೋಡಿಕೊಂಡು ಹೋಗೋಣ ಅಂತ ಬಂದೆ," ಎಂದೆ. ಮನೆಗೆ ಬಂದವರು ಹೇಳುವ ಮಾತು ಇನ್ನೇನಿದೆ?

ಅವರು ನನ್ನನ್ನು, ಚೂಡಿದಾರನ್ನು, ಹೂವನ್ನು ನೋಡಿದರು. ನಾಟಕ ಸಾಕು ಎಂದು ಗದರಿದರೆ ಅಲ್ಲಿಗೆ ಮುಗಿಯಿತು. ಗೋಡೆಯ ಪಕ್ಕದ ಇಬ್ಬರನ್ನು ಒಮ್ಮೆ ನೋಡಿ, ಮತ್ತೆ ನನ್ನತ್ತ ತಿರುಗಿ, "ಬಾ. ಕೂತುಕೋ. ದೂರದಿಂದ ಬಂದಿದ್ದೀಯ," ಎಂದರು. ಬಲಗೈಯಲ್ಲಿ ಅಡಿಗೆ ಕಟ್ಟೆ ಹಿಡಿದು ಎದ್ದರು.

ನಾನು ಕುರ್ಚಿಯಲ್ಲಿ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಕಾಫಿ ಪುಡಿಯ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಡಬ್ಬಿಯನ್ನು ಎಡಮುಂಗೈಯಿಂದ ಹೊಟ್ಟೆಗೆ ಒತ್ತಿ ಹಿಡಿದು ಬಲಗೈಯಲ್ಲಿ ತಿರುಗಿಸಿದರು. ಅದು ಜಾರಿತು. ನಾನು ಕುರ್ಚಿಯಿಂದ ಅರ್ಧ ಎದ್ದೆ. "ಅತಿಥಿ ಕೂತಿರಬೇಕು," ಎಂದರು, ತಿರುಗಿಯೂ ನೋಡದೆ. ಕೂತೆ. ಮುಚ್ಚಳ ಬಂತು. ಒಂದಕ್ಕೊಂದು ಅಂಟಿದ್ದ ಸೋಸುವ ಕಾಗದವನ್ನು ಬಾಯಿಂದ ಊದಿ ಬಿಡಿಸಿದರು. ಪುಡಿ ಕಟ್ಟೆಯ ಮೇಲೆಲ್ಲ ಚೆಲ್ಲಿತು. ಯಂತ್ರ ಗೊರಗೊರ ಎಂದು, ಕಾಫಿಯ ವಾಸನೆ ಬಂದಾಗ ನನಗೆ ಅಳುವೇ ಬಂತು. ಸೊಂಟವನ್ನು ಕಟ್ಟೆಗೆ ಆನಿಸಿ, ಕಾಫಿ ತುಂಬಿದ ಕಪ್ಪನ್ನು ತಟ್ಟೆಯ ಸಮೇತ ಕಟ್ಟೆಯ ಮೇಲೆಯೇ ಸರಿಸುತ್ತಾ ಸರಿಸುತ್ತಾ, ಅದಕ್ಕೆ ತಾಗಿದ್ದ ಮೇಜಿಗೆ ತಂದು ನನ್ನ ಮುಂದೆ ಇಟ್ಟರು. ಆಮೇಲೆ ಜಗ್ಗನ್ನೂ ಹಾಗೆಯೇ ತಂದರು. ಉಸ್ಸೆಂದು ಎದುರಿಗೆ ಕೂತರು.

ಕುಡಿದೆ. ಕಹಿ, ನೀರು ನೀರು. ನಮ್ಮ ಕಡೆ ಇಂಥದ್ದನ್ನು ಕೊಟ್ಟರೆ ನೆಂಟಸ್ತಿಕೆ ಕೆಡುತ್ತದೆ. ಕೊನೆಯ ಗುಟುಕಿನವರೆಗೆ ಕುಡಿದು ಕಪ್ಪು ಕೆಳಗಿಟ್ಟೆ.

"ಇನ್ನು ಸ್ವಲ್ಪ?"

"ಬೇಡ, ಸಾಕು," ಎಂದೆ. ಅಭ್ಯಾಸಬಲ, ಬಾಯಿ ತಾನೇ ಹೇಳಿತು.

ಥೆರಪಿಸ್ಟ್ ಪೆನ್ನು ಮುಚ್ಚಿದ. ಅವನ ಲೆಕ್ಕಕ್ಕೆ ಅಲ್ಲಿಗೆ ಮುಗಿದಿತ್ತು. ಫ್ರೌ ವೇಬರ್ ಹುಬ್ಬು ಏರಿಸಿದರು.

"ನಿಮ್ಮ ಊರಲ್ಲಿ ಬೇಡ ಅಂದ ಮೇಲೆ ಇನ್ನೊಮ್ಮೆ ಕೇಳಬೇಕು ಅಂದಿದ್ದೆಯಲ್ಲ. ಕೇಳುತ್ತಿದ್ದೇನೆ."

ನನ್ನ ಉತ್ತರಕ್ಕೆ ಕಾಯಲಿಲ್ಲ. ಬಲಗೈಯಲ್ಲಿ ಜಗ್ಗು ಎತ್ತಿದರು. ಹಗುರ ಕಪ್ಪು ಜಗ್ಗಿನ ಮೂತಿ ತಾಗಿ ತಟ್ಟೆಯಲ್ಲಿ ಓಲಾಡಿತು. ಆಗ ಮಡಿಲಲ್ಲಿ ಬಿದ್ದಿದ್ದ ಎಡಗೈ ಮೇಜಿನ ಮೇಲೆ ಬಂತು. ಬೆರಳುಗಳು ಒಂದೊಂದಾಗಿ ಬಿಚ್ಚಿ ಕಪ್ಪಿನ ಸುತ್ತ ಕೂತವು. ಕಪ್ಪು ನಿಂತಿತು. ಅವರು ಅಂಚಿನವರೆಗೂ ಸುರಿದರು.

ಥೆರಪಿಸ್ಟ್ ಪೆನ್ನನ್ನು ಮತ್ತೆ ತೆರೆದ. ಹೈಕೆ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ಎರಡನೆಯ ಕಪ್ಪನ್ನೂ ಪೂರ್ತಿ ಕುಡಿದೆ.

ಟ್ರಾಮಿನಲ್ಲಿ

ಪರೀಕ್ಷೆ ಗೆದ್ದ ಫ್ರೌ ವೇಬರ್ ನಡಿಗೆಯ, ಮೆಟ್ಟಿಲಿನ ಅಭ್ಯಾಸವನ್ನೂ ಮುಗಿಸಿ, ನಾವು ಊರಿಗೆ ಹೊರಡುವ ವಾರ ಮನೆಗೆ ಹೋದರು. ಆಸ್ಪತ್ರೆಯ ಕಾರು ಬೇಡವೇ ಬೇಡ, ಟ್ರಾಮಿನಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದರು. ಮೆಟ್ಟಿಲು ಹತ್ತುವಾಗ ಜೊತೆಗಿರಲೆಂದು ಹೈಕೆ ಮತ್ತು ನಾನು ಹೊರಟೆವು. ಬಿಟ್ಟು ಹೋಗಬೇಕಲ್ಲ ಎಂದು ನನಗೆ ಬೇಸರ, ಅವರು ಗೆದ್ದರಲ್ಲ ಎಂದು ಹೆಮ್ಮೆ. ನನ್ನ ಕೈಗೆ ಮಾತ್ರ ಈಗ ಬೆನ್ನ ಹಿಂದಿನ ಜಾಗ ಚೆನ್ನಾಗಿ ಒಗ್ಗಿಹೋಗಿತ್ತು. ಅವರು ಟ್ರಾಮಿನ ಮೆಟ್ಟಿಲು ಹತ್ತುವಾಗ ಅದು ತಾನಾಗಿ ಅಲ್ಲಿಗೆ ಹೋಯಿತು.

ಶಾಲೆ ಬಿಡುವ ಹೊತ್ತು, ಟ್ರಾಮ್ ತುಂಬಿತ್ತು. ಒಬ್ಬರು ಎದ್ದು ಅವರಿಗೆ ಸೀಟು ಕೊಟ್ಟರು. ಹೈಕೆ ಬಾಗಿಲ ಬಳಿ ನಿಂತರು, ನಾನು ಸೀಟಿನ ಪಕ್ಕ ನಿಂತೆ. ಹೊಸ ಡ್ರೈವರನ ಕೈಚಳಕದ ಬಗ್ಗೆ ಫ್ರೌ ವೇಬರ್ ಎಲ್ಲರಿಗೂ ಕೇಳಿಸುವಂತೆ ಟೀಕೆ ಮಾಡುತ್ತಿದ್ದರು. ತಿರುವಿನಲ್ಲಿ ಟ್ರಾಮ್ ಓಲಾಡಿತು. ನನ್ನ ಹೆಗಲ ಚೀಲ ಜಾರಿತು. ಎಳೆದುಕೊಂಡೆ. ಮತ್ತೆ ಜಾರಿತು.

ಫ್ರೌ ವೇಬರ್ ಟೀಕೆ ನಿಲ್ಲಿಸದೆ, ನನ್ನ ಮುಖವನ್ನೂ ನೋಡದೆ, ಕೈ ಚಾಚಿ ಚೀಲವನ್ನು ನನ್ನ ಹೆಗಲಿನಿಂದ ಬಿಡಿಸಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅದು ಬೀಳದಂತೆ ಮೇಲೆ ಎಡಗೈ ಇಟ್ಟು ಪಟ್ಟಿಯನ್ನು ಬಿಗಿಯಾಗಿ ಹಿಡಿದರು.

ಎದುರಿಗಿದ್ದ ಹೆಂಗಸು ಚೀಲವನ್ನೂ ನನ್ನನ್ನೂ ಬೆರಗಿನಿಂದ ನೋಡಿದಳು. ನೋಡಲಿ ಎಂದು ನಾನು ಕಂಬ ಹಿಡಿದು ಆರಾಮಾಗಿ ನಿಂತೆ.